ತೆರೆದು ಮುಚ್ಚುವ ಕಪ್ಪು ಕಿಟಕಿ

ಕಿಟಕಿ ಮತ್ತೆ ಮಿಂಚಿ ಮಾಯವಾಯಿತು.

ಇಕ್ಕಳಕ್ಕ ಮೌಸ್ ಬಿಟ್ಟು ಬೆರಳುಗಳಿಗೆ ಬಾಯಿಂದ ಬಿಸಿ ಗಾಳಿ ಊದಿಕೊಂಡಳು. ಔಷಧಿ ಗೋದಾಮಿನ ಕಂಪ್ಯೂಟರ್ ಕೋಣೆ ಶೀತಲ ಕೋಣೆಗಳ ಗೋಡೆಗೆ ಆತುಕೊಂಡೇ ಇತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕೂತವರಿಗೆ ಶಾಲು ಬೇಕು. ಪರದೆಯ ಮೂಲೆಯಲ್ಲಿ ‘ಅಡ್ಮಿನ್ ಟರ್ಮಿನಲ್’ ಎಂಬ ಕೆಂಪು ಗುರುತು. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಅಪ್ಪಣೆಗಳನ್ನು ಬರೆಯುವ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ, ಅದರಲ್ಲಿ ಒಂದಕ್ಷರ ಟೈಪ್ ಮಾಡೋಣ ಅನ್ನುವಷ್ಟರಲ್ಲಿ ರಪ್ಪನೆ ಮುಚ್ಚಿಕೊಳ್ಳುತ್ತದೆ.

ಹಾಳಾದ್ದು ಕೆಟ್ಟುಹೋಗಿದೆ ಅಂತ ಬರೆದುಕೊಂಡು ಹೊರಡೋಣ ಎಂದರು ಇನ್‌ಸ್ಪೆಕ್ಟರ್. ಅವರು ಬಂದಾಗಿನಿಂದ ಇದು ಮೂರನೇ ಸಲ ಹಾಗೆ ಹೇಳುತ್ತಿರುವುದು. ಚಳಿಗೆ ಅವರ ಮೀಸೆ ಸೆಟೆದುಕೊಂಡಿತ್ತು, ಮನಸ್ಸೆಲ್ಲ ಹೊರಗಿನ ಬಿಸಿಲಿನ ಮೇಲೇ.

ಇಕ್ಕಳಕ್ಕ ತಲೆ ಎತ್ತಲಿಲ್ಲ. ಚರ್ಮದೊಳಗೆ ಮುರಿದುಕೊಂಡ ಮುಳ್ಳನ್ನೂ ಬಿಡದೆ ಎಳೆಯುವವಳು ಅಂತ ಪೊಲೀಸರೇ ಅವಳಿಗೆ ಇಟ್ಟ ಹೆಸರದು. ಮೊದಮೊದಲು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನೇ ಮರೆಯುತ್ತಾಳೆ. ಪತ್ತೇದಾರಿಕೆಗೆ ಇಳಿಯುವ ಮುಂಚೆ ಹತ್ತಾರು ಕಚೇರಿಗಳ ಲಿನಕ್ಸ್ ಕಂಪ್ಯೂಟರುಗಳನ್ನು ಸಂಭಾಳಿಸಿದ್ದ ಹೆಂಗಸು ಅವಳು. ಕೆಟ್ಟದ್ದು ಯಾವುದು, ಕೆಡಿಸಿದ್ದು ಯಾವುದು ಎಂದು ಅವಳ ಮೂಗಿಗೆ ತಿಳಿಯುತ್ತದೆ.

ಕಳೆದ ಮಂಗಳವಾರ ಸಂಜೆ ಈ ಗೋದಾಮಿನ ಕಂಪ್ಯೂಟರುಗಳ ಮುಖ್ಯಸ್ಥ, ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಹಿರಿಯರು, ಶೀತಲ ಕೋಣೆಯೊಳಗಿದ್ದಾಗ ಯಾರೋ ಹೊರಗಿನಿಂದ ಬೀಗ ಹಾಕಿ ಅವರನ್ನು ಕೊಂದಿದ್ದರು. ಅವರ ಕೈಕೆಳಗಿದ್ದವನು, ಅಂದರೆ ಇಕ್ಕಳಕ್ಕನ ಒಡಹುಟ್ಟಿದ ತಮ್ಮ, ಬುಧವಾರದಿಂದ ಲಾಕಪ್ಪಿನಲ್ಲಿದ್ದ.

ಆ ಕೋಣೆಯ ಬೀಗಕ್ಕೆ ಕೀಲಿಕೈ ಇಲ್ಲ. ಕಾರ್ಡ್ ತೋರಿಸಬೇಕು. ಯಾರ ಕಾರ್ಡ್ ಯಾವಾಗ ಬೀಗ ತೆಗೆಯಿತು, ಯಾವಾಗ ಹಾಕಿತು ಅನ್ನುವುದೆಲ್ಲ ಈ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಅದನ್ನು ನೋಡಲು ಅಡ್ಮಿನ್, ಅಂದರೆ ಕಂಪ್ಯೂಟರಿನ ಯಜಮಾನನ, ಅಧಿಕಾರ ಬೇಕು. ಸಾಲದ್ದಕ್ಕೆ, ಪ್ರತಿ ಸೋಮವಾರ ಸಂಜೆ ಪಾಳಿಯ ಗಂಟೆ ಹೊಡೆದ ಕೂಡಲೇ ಹಳೇ ವಾರದ್ದನ್ನೆಲ್ಲ ಅದು ತಾನಾಗಿ ಅಳಿಸಿ ಹೊಸದಾಗಿ ಬರೆಯಲು ಶುರು ಮಾಡುತ್ತದೆ.

ಇವತ್ತೇ ಸೋಮವಾರ. ಗಂಟೆ ಹೊಡೆಯುವ ಹೊತ್ತೂ ಹತ್ತಿರ ಬರುತ್ತಿತ್ತು.

ಕಂಪ್ಯೂಟರ್ ಆರಿಸಿ ಡಿಸ್ಕನ್ನೇ ಕಿತ್ತುಕೊಂಡು ಹೋಗೋಣವೆಂದರೆ ಗೋದಾಮಿನ ಮಾಲೀಕರು ಎದೆ ಹಿಡಿದುಕೊಂಡು ಕೂತಿದ್ದರು. ಶೀತಲ ಕೋಣೆಗಳೆಲ್ಲ ನಡೆಯುವುದು ಇದರ ಮೇಲೆ, ಇದು ನಿಂತರೆ ಒಳಗಿರುವ ಅಷ್ಟೂ ಔಷಧಿ ಹಾಳು. ಬೇಡಿ ಕಾಡಿ ಅವರ ತಿಜೋರಿಯಲ್ಲಿದ್ದ ಅಡ್ಮಿನ್ ಪಾಸ್‌ವರ್ಡನ್ನು ಇವತ್ತು ಬೆಳಿಗ್ಗೆ ಪಡೆಯುವಷ್ಟರಲ್ಲಿ ಇಕ್ಕಳಕ್ಕನ ಗಂಟಲು ಒಣಗಿತ್ತು. ತಮ್ಮನನ್ನೇ ಕೇಳಬಹುದಿತ್ತಲ್ಲ ಅಂತೀರಾ? ಕೇಳಿದ್ದಳು. ಲಾಕಪ್ಪಿನ ಸರಳು ಹಿಡಿದುಕೊಂಡು ಅವನು ನೆಲ ನೋಡುತ್ತ ಒಂದೇ ಮಾತು ಹೇಳಿದ್ದ: “ಬೇಡ ಅಕ್ಕ, ಬಿಟ್ಟುಬಿಡು.”

ಆ ಮಾತು ಅವಳನ್ನು ಕೊರೆಯುತ್ತಲೇ ಇತ್ತು. ಅವನು ತಪ್ಪು ಒಪ್ಪಿಕೊಂಡಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡವನನ್ನು ಪೊಲೀಸರು ಎಷ್ಟು ದಿನ ಅಂತ ಮಾತಾಡಿಸಿಯಾರು. ಇನ್‌ಸ್ಪೆಕ್ಟರ್ ಆಗಲೇ ಕೇಸು ಮುಗಿದ ಲೆಕ್ಕಕ್ಕೆ ಹಾಕಿದ್ದರು.

“ಕೆಟ್ಟಿಲ್ಲ ಸರ್,” ಅಂದಳು ಇಕ್ಕಳಕ್ಕ. “ನೋಡ್ತಾ ಇರಿ.”

ಮೊದಲು ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟಳು. ಕಂಪ್ಯೂಟರ್ ಸ್ವಲ್ಪ ಹೊತ್ತು ಯೋಚಿಸಿ ತಪ್ಪು ಎಂದಿತು. ಸರಿಯಾದದ್ದು ಕೊಟ್ಟಳು. ಕಿಟಕಿ ಮಿಂಚಿ ಮಾಯವಾಯಿತು. ಅಂದರೆ ಪಾಸ್‌ವರ್ಡ್ ಸರಿಯಿದೆ, ಒಳಕ್ಕೆ ಬಿಟ್ಟುಕೊಂಡ ಮೇಲೆ ಕುತ್ತಿಗೆ ಹಿಡಿದು ಆಚೆಗೆ ನೂಕುತ್ತಿದೆ.

ಡಿಸ್ಕ್ ತುಂಬಿ ತುಳುಕಿದರೂ ಹೀಗಾಗುವುದುಂಟು. ನೋಡಿದಳು, ಅರ್ಧಕ್ಕರ್ಧ ಖಾಲಿ. ಟರ್ಮಿನಲ್ ಅನ್ನುವ ಪ್ರೋಗ್ರಾಮೇ ಮುರಿದಿದೆಯೇನೋ ಎಂದು ಮಾಮೂಲಿ ಟರ್ಮಿನಲ್ ತೆರೆದಳು, ಅಡ್ಮಿನ್ ಅಲ್ಲದವರು ಬಳಸುವಂಥದ್ದು. ಅದು ಸಂಭಾವಿತನ ಹಾಗೆ ತೆರೆದುಕೊಂಡು ಕರ್ಸರ್ ಮಿಟುಕಿಸುತ್ತ ಕೂತಿತು. ಎಲ್ಲರಿಗೂ ತೆರೆಯುವ ಬಾಗಿಲು ಅಡ್ಮಿನ್ ಒಬ್ಬರಿಗೆ ಮಾತ್ರ ಮುಚ್ಚುತ್ತಿತ್ತು.

ಇನ್‌ಸ್ಪೆಕ್ಟರ್ ಈಗ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಚಳಿ ಮರೆತಿತ್ತು.

ಇಕ್ಕಳಕ್ಕ ಆ ಮಾಮೂಲಿ ಕಿಟಕಿಯಿಂದಲೇ ಅಡ್ಮಿನ್ ಆಗಲು ಹೊರಟಳು. ಹಾಗೆ ಮಾಡಿದರೆ ಒಂದು ಅನುಕೂಲ: ಹೊರಗೆ ನೂಕಿಸಿಕೊಂಡರೂ ಈ ಕಿಟಕಿ ಮುಚ್ಚುವುದಿಲ್ಲ, ನೂಕುವಾಗ ಏನಂದರು ಅನ್ನುವುದು ಓದಲು ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟಳು. ತಕ್ಷಣ ಹೊರಗೆ ಬಿದ್ದಳು. ಪರದೆಯ ಮೇಲೆ ಉಳಿದದ್ದು ಒಂದೇ ಪದ, ‘ಲಾಗೌಟ್’.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ನಿಜವಾಗಿ ಕೆಟ್ಟ ಯಂತ್ರ ಗೊಣಗುತ್ತದೆ ಎಂದು ಇನ್‌ಸ್ಪೆಕ್ಟರಿಗೆ ವಿವರಿಸಿದಳು. ಅದು ಸಿಗಲಿಲ್ಲ, ಇದು ಕಾಣಲಿಲ್ಲ ಎಂದು ಸಾಲುಗಟ್ಟಲೆ ದೂರು ಹೇಳುತ್ತದೆ. ಇದು ತುಟಿಪಿಟಕ್ಕೆನ್ನದೆ ಹೋಗಿ ಬನ್ನಿ ಅನ್ನುತ್ತಿದೆ. ಹಾಗೆ ಹೇಳು ಅಂತ ಯಾರೋ ಹೇಳಿಕೊಟ್ಟಿದ್ದಾರೆ.

“ಯಾರು?” ಅಂದರು ಇನ್‌ಸ್ಪೆಕ್ಟರ್.

ಅದನ್ನೇ ಈಗ ಕಿತ್ತು ತೆಗೆಯಬೇಕಿತ್ತು. ಅಡ್ಮಿನ್ ಆಗಿ ಒಳಗೆ ಕೂರಲು ಹೋದರೆ ತಾನೇ ನೂಕುವುದು. ಒಳಗೆ ಕೂರದೆ, ಹೊಸ್ತಿಲಲ್ಲೇ ನಿಂತು ಒಂದೇ ಒಂದು ಅಪ್ಪಣೆ ಕೊಟ್ಟು, ಬೇಕಾದ್ದನ್ನು ಇಸಿದುಕೊಂಡು ಬರುವ ದಾರಿ ಲಿನಕ್ಸಿನಲ್ಲಿದೆ. ಅಡ್ಮಿನ್ ಒಳಗೆ ಕಾಲಿಟ್ಟ ಕೂಡಲೇ ಓದಿಕೊಳ್ಳುವ ಫೈಲೊಂದಿರುತ್ತದೆ, ಅದನ್ನು ತೋರಿಸು ಎಂದು ಟೈಪ್ ಮಾಡಿದಳು. ದೊಡ್ಡಪ್ಪ ಬರೆದ ಸಾಲುಗಳು ಮೇಲಿಂದ ಕೆಳಗೆ ಬಂದವು. ಅವರ ಕೈಬರಹದಷ್ಟೇ ಅಚ್ಚುಕಟ್ಟು. ಎಲ್ಲದರ ಕೆಳಗೆ, ಕೊನೆಯಲ್ಲಿ, ಒಂಟಿಯಾಗಿ ಒಂದು ಪದ ಕೂತಿತ್ತು: ಎಕ್ಸಿಟ್.

ಬಂದವನು ಬಂದ ಹಾಗೇ ಹೊರಡು. ಅಷ್ಟೇ ಕಾಯಿಲೆ.

ಆ ಫೈಲನ್ನು ಕೊನೆಯ ಸಲ ಬದಲಾಯಿಸಿದ್ದು ಯಾವತ್ತು ಎಂದು ನೋಡಿದಳು. ಶುಕ್ರವಾರ.

ಇಕ್ಕಳಕ್ಕನ ಕಣ್ಣು ತುಂಬಿ ಬಂತು. ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಆ ಕ್ಷಣಕ್ಕೆ ಅವಳಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಶುಕ್ರವಾರ ದೊಡ್ಡಪ್ಪ ಮಣ್ಣಾಗಿದ್ದರು. ತಮ್ಮ ಸರಳಿನ ಹಿಂದಿದ್ದ. ಪಾಸ್‌ವರ್ಡ್ ಗೊತ್ತಿದ್ದ ಇಬ್ಬರೂ ಈ ಕೆಲಸ ಮಾಡಿರಲು ಸಾಧ್ಯವಿಲ್ಲ. ದಾಖಲೆ ಕೈಗೆ ಸಿಗದೆ ತಾನಾಗಿ ಅಳಿಸಿಹೋಗಲಿ ಎಂದು ಬಯಸಿದ ಮೂರನೆಯವರು ಇದ್ದಾರೆ.

ಇನ್‌ಸ್ಪೆಕ್ಟರ್ ಮೀಸೆ ಸವರಿಕೊಂಡರು. ತಿಜೋರಿಯಲ್ಲಿದ್ದ ಪಾಸ್‌ವರ್ಡನ್ನು ಬೇರೆ ಯಾರಾದರೂ ನೋಡಿದ್ದಾರಾ ಅಂತ ಮಾಲೀಕರನ್ನೇ ವಿಚಾರಿಸಿ ಬರುತ್ತೇನೆ ಎಂದು ದಡಬಡ ಹೊರಗೆ ಹೋದರು. ಕೋಣೆಯಲ್ಲಿ ಉಳಿದವರು ಇಬ್ಬರೇ. ಇಕ್ಕಳಕ್ಕ, ಮತ್ತು ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವಳ ಗಂಡ.

ಊರಿಗೆಲ್ಲ ಅವರು ಮೇಷ್ಟ್ರು. ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾರೆ. ಅವಳ ತಮ್ಮನನ್ನು ಈ ಕೆಲಸಕ್ಕೆ ತಯಾರು ಮಾಡಿದ್ದೂ ಅವರೇ. ಹೆಂಡತಿ ಎಲ್ಲಿಗೆ ಹೊರಟರೂ ಆ ಚೀಲ ಹೊತ್ತುಕೊಂಡು ಹಿಂದೆ ಹೊರಡುವುದನ್ನು ನೋಡಿ ಪೊಲೀಸರು ನಗುತ್ತಾರೆ, ಮೇಷ್ಟ್ರೂ ನಗುತ್ತಾರೆ. ಚೀಲದ ತುಂಬ ಜಿಪ್ಪುಗಳೇ. ಒಂದರಲ್ಲಿ ಟಾರ್ಚು, ಒಂದರಲ್ಲಿ ಕನ್ನಡಕ, ಒಂದರಲ್ಲಿ ಪೆನ್ ಡ್ರೈವ್. ಒಳಗಡೆ ಅಸ್ತರಿಯ ಅಡಿಯಲ್ಲಿ, ಯಾರಿಗೂ ಹೇಳದೆ ಅವಳೇ ಹೊಲಿದುಕೊಂಡ ಕಳ್ಳಜೇಬು ಬೇರೆ. ಇವತ್ತು ಗೇಟಿನ ಕಾವಲುಗಾರ, ಸಾವಾದ ಮೇಲೆ ಎಲ್ಲ ಕಾರ್ಡುಗಳನ್ನೂ ನಿಲ್ಲಿಸಿದ್ದೇವೆ ಎಂದು ಅವಳಿಗೆ ಚೀಟಿ ಬರೆದುಕೊಟ್ಟು ಒಳಗೆ ಬಿಟ್ಟಾಗ, ಹೋದ ತಿಂಗಳು ಕಂಪ್ಯೂಟರ್ ಪರೀಕ್ಷೆ ಮಾಡಿಕೊಡಲೆಂದು ದೊಡ್ಡಪ್ಪನೇ ಕೊಟ್ಟಿದ್ದ ಅತಿಥಿ ಕಾರ್ಡ್ ಇನ್ನೂ ಆ ಕಳ್ಳಜೇಬಿನಲ್ಲೇ ಇದೆಯೆಂದು ಅವಳಿಗೆ ನೆನಪಾಗಿತ್ತು. ಹೋಗುವಾಗ ವಾಪಸ್ ಕೊಟ್ಟರಾಯಿತು ಅಂದುಕೊಂಡಿದ್ದಳು.

ಇನ್ನು ದಾಖಲೆ ತೆಗೆಯುವುದೊಂದೇ ಬಾಕಿ. ಅದಕ್ಕೆ ಕೈ ಹಾಕುವ ಮುಂಚೆ, ಆ ಕಿಡಿಗೇಡಿ ಬೇರೇನಾದರೂ ಮುಟ್ಟಿದ್ದಾನೋ ನೋಡೋಣವೆಂದು ಅಕ್ಕಪಕ್ಕದ ಫೈಲುಗಳ ಹೆಸರು ತೋರಿಸಲು ಹೇಳಿದಳು.

ಹೆಸರುಗಳು ಬಂದವು.

ಬದಲಾಯಿಸಿದ ಫೈಲಿನ ಪಕ್ಕದಲ್ಲೇ ಅದರ ಹಳೆಯ ಪ್ರತಿಯೊಂದಿತ್ತು, ಶುಕ್ರವಾರದ್ದೇ. ಅದರಲ್ಲೇನೂ ವಿಶೇಷವಿಲ್ಲ. ಜಾಗರೂಕರಾದವರು ಫೈಲ್ ತಿದ್ದುವ ಮುಂಚೆ ಹಳೆಯದನ್ನು ಬೇರೆ ಹೆಸರಿನಲ್ಲಿ ಎತ್ತಿಡುತ್ತಾರೆ. ಲೋಕದ ಮಂದಿಯೆಲ್ಲ ಆ ಹೆಸರಿನ ಬಾಲಕ್ಕೆ ‘ಓಲ್ಡ್’ ಎಂದೋ ‘ಬ್ಯಾಕಪ್’ ಎಂದೋ ಸೇರಿಸುತ್ತಾರೆ. ಇಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅಜ್ಜಿ ಎಂದಿತ್ತು.

ಅಜ್ಜಿ.

ಅವಳ ಮನೆಯ ಕಂಪ್ಯೂಟರಿನಲ್ಲಿ ಬಿಟ್ಟರೆ ಈ ಅಜ್ಜಿಯನ್ನು ಅವಳು ಇನ್ನೆಲ್ಲೂ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಶುರು ಮಾಡಿದ ತಮಾಷೆ. ಹೊಸ ಫೈಲೆಂಬ ಮೊಮ್ಮಗಳು ಹುಟ್ಟುವಾಗ ಮನೆಯಲ್ಲಿ ಅಜ್ಜಿಯೊಬ್ಬಳು ಕೂತಿರಬೇಕು ಕಣೇ, ಹೆಚ್ಚುಕಮ್ಮಿಯಾದರೆ ಅವಳೇ ಗತಿ ಅನ್ನುತ್ತಿದ್ದರು. ಶಾಲೆ ಮಕ್ಕಳ ಅಂಕಪಟ್ಟಿಗೂ ಅಜ್ಜಿ, ಕರೆಂಟ್ ಬಿಲ್ಲಿನ ಲೆಕ್ಕಕ್ಕೂ ಅಜ್ಜಿ. ನಗುನಗುತ್ತಲೇ ಅವಳಿಗೂ ತಮ್ಮನಿಗೂ ಅದೇ ಅಭ್ಯಾಸವಾಗಿತ್ತು. ಭೂಮಿಯ ಮೇಲೆ ಈ ಅಜ್ಜಿಯ ಪರಿಚಯ ಇದ್ದದ್ದು ಮೂವರಿಗೆ. ಒಬ್ಬ ಶುಕ್ರವಾರ ಲಾಕಪ್ಪಿನಲ್ಲಿದ್ದ. ಒಬ್ಬಳು ತಾನು.

ತಿರುಗಿ ನೋಡಲು ಅವಳಿಗೆ ಧೈರ್ಯ ಬೇಕಾಯಿತು.

“ರೀ,” ಅಂದಳು. “ಸ್ವಲ್ಪ ಇಲ್ಲಿ ಬನ್ನಿ.”

ಮೇಷ್ಟ್ರು ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಬಂದು ಪರದೆ ನೋಡಿದರು. ಸುಳ್ಳು ಹೇಳಲು ಕೂಡ ಪ್ರಯತ್ನಪಡಲಿಲ್ಲ, ಪಕ್ಕದ ಸ್ಟೂಲಿನ ಮೇಲೆ ಕುಸಿದರು.

“ಹಾಳು ಅಭ್ಯಾಸ ಕಣೇ. ಯಾವ ಫೈಲ್ ಮುಟ್ಟಿದ್ರೂ ಕೈ ತಾನಾಗೇ ಅಜ್ಜಿನ ಕೂರಿಸಿಬಿಡುತ್ತೆ.”

ಎಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯ. ಇಕ್ಕಳಕ್ಕ ಯಾಕೆ ಎಂದು ಕೇಳಿದಳು.

ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು. ಗುರುವಾರ ಅವರು ಲಾಕಪ್ಪಿಗೆ ಊಟ ತಗೊಂಡು ಹೋಗಿದ್ದಾಗ ಭಾವಮೈದುನ ಕಿವಿಯಲ್ಲಿ ಪಾಸ್‌ವರ್ಡ್ ಉಸುರಿದ್ದ. ಹೆಣ ಕಂಡ ದಿನ, ಪೊಲೀಸರಿಗೆ ಫೋನ್ ಮಾಡುವ ಮುಂಚೆ ಅವನು ಬಾಗಿಲಿನ ದಾಖಲೆ ನೋಡಿಬಿಟ್ಟಿದ್ದನಂತೆ. ಅದು ಯಾರ ಕಣ್ಣಿಗೂ ಬೀಳಬಾರದು ಭಾವ, ಅಕ್ಕನ ಕಣ್ಣಿಗಂತೂ ಬೀಳಲೇಬಾರದು ಎಂದು ಕೈ ಹಿಡಿದುಕೊಂಡಿದ್ದನಂತೆ. ಗೋದಾಮಿನ ಕಂಪ್ಯೂಟರನ್ನು ಮನೆಯಿಂದಲೇ ನೋಡಿಕೊಳ್ಳಲು ಅವನ ಲ್ಯಾಪ್‌ಟಾಪಿನಲ್ಲಿ ವ್ಯವಸ್ಥೆ ಇತ್ತು. ಶುಕ್ರವಾರ ಅವಳು ಮಾರ್ಕೆಟ್ಟಿಗೆ ಹೋದಾಗ ಮೇಷ್ಟ್ರು ಅದನ್ನು ತೆರೆದು ಕೂತಿದ್ದರು. ದಾಖಲೆಯನ್ನೇ ಅಳಿಸಿದರೆ ಯಾರು ಅಳಿಸಿದರು ಎಂಬ ಪ್ರಶ್ನೆ ಏಳುತ್ತದೆ. ತಾನಾಗಿ ಅಳಿಸಿಹೋದರೆ ಕೇಳುವವರಿಲ್ಲ. ಸೋಮವಾರದವರೆಗೆ ಬಾಗಿಲು ಮುಚ್ಚಿದ್ದರೆ ಸಾಕಿತ್ತು.

“ಅಂದ್ರೆ ಅವನೇ ಮಾಡಿದ್ದಾನಾ?” ಇಕ್ಕಳಕ್ಕ ಕೇಳಿದಳು. “ನನ್ನ ತಮ್ಮನೇ?”

ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು.

“ಗಂಟೆ ಹೊಡೆಯೋವರೆಗೆ ಸುಮ್ನಿದ್ದುಬಿಡು. ನಿನ್ನ ಕಾಲಿಗೆ ಬೀಳ್ತೀನಿ.”

ಹೊರಗೆ ಸಂಜೆ ಪಾಳಿಯವರು ಸೇರುತ್ತಿದ್ದ ಸದ್ದು ಕೇಳುತ್ತಿತ್ತು. ಬೂಟುಗಳ ಸಪ್ಪಳ, ಕೆಮ್ಮು, ಯಾರದೋ ನಗು. ಇಕ್ಕಳಕ್ಕ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕಲ್ಲಾಗಿ ಕೂತಳು. ತೆಗೆದರೆ ತಮ್ಮನ ಕುತ್ತಿಗೆಗೆ ತಾನೇ ಹಗ್ಗ ಬಿಗಿದ ಹಾಗೆ. ಬಿಟ್ಟರೆ ಅವನು ಮಾಡಿದನೋ ಇಲ್ಲವೋ ಅನ್ನುವುದು ಸಾಯುವತನಕ ಗೊತ್ತಾಗುವುದಿಲ್ಲ. ಚಡ್ಡಿ ಜಾರಿಸಿಕೊಂಡು ಅವಳ ಸೆರಗು ಹಿಡಿದು ಓಡಾಡಿದ ಹುಡುಗ. ದೊಡ್ಡಪ್ಪ ಅವನನ್ನು ಕೆಲಸದಿಂದ ತೆಗೆಯುತ್ತೇನೆ ಅಂದಾಗ ಇದೇ ಗೋದಾಮಿನ ಅಂಗಳದಲ್ಲಿ ಎಲ್ಲರೆದುರು, ನಿಮ್ಮನ್ನ ಸುಮ್ನೆ ಬಿಡಲ್ಲ ಎಂದು ಅವರ ಮೇಲೆ ರೇಗಿದ್ದವಳು ಅವಳೇ. ಮಂಗಳವಾರ ಸಂಜೆ ಅವನು ಫೋನ್ ಮೇಲೆ ಫೋನ್ ಮಾಡಿದ್ದ. ಜ್ವರಕ್ಕೆ ಮಾತ್ರೆ ನುಂಗಿ ಮಲಗಿದ್ದವಳಿಗೆ ಎಚ್ಚರವೇ ಆಗಿರಲಿಲ್ಲ. ಅವತ್ತು ಎತ್ತಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಅವಳು ಒಂದು ವಾರದಿಂದ ತನ್ನನ್ನೇ ತಿಂದುಕೊಳ್ಳುತ್ತಿದ್ದಳು.

ಅವನು ಕೊಲೆ ಮಾಡುವವನಲ್ಲ. ಅದು ಅವಳ ಮೂಳೆಗೆ ಗೊತ್ತಿತ್ತು. ಹಾಗಿದ್ದಮೇಲೆ ಹೆದರುವುದೇನು.

ಪೆನ್ ಡ್ರೈವ್ ಕೊಡಿ ಎಂದು ಕೈ ಚಾಚಿದಳು. ಮೇಷ್ಟ್ರು ಅಲ್ಲಾಡಲಿಲ್ಲ. ಅವಳೇ ಬಗ್ಗಿ ಚೀಲದ ಹೊರಗಿನ ಜಿಪ್ಪೆಳೆದು ತೆಗೆದು ಸಿಕ್ಕಿಸಿದಳು. ಹೊಸ್ತಿಲಲ್ಲಿ ನಿಂತು ಕೊನೆಯ ಅಪ್ಪಣೆ ಕೊಟ್ಟಳು. ಕಳೆದ ವಾರದ ದಾಖಲೆಯ ಪ್ರತಿ ಪೆನ್ ಡ್ರೈವಿಗೆ ಇಳಿಯಿತು.

ಗಂಟೆ ಹೊಡೆಯಿತು. ಕಂಪ್ಯೂಟರಿನಲ್ಲಿದ್ದ ಮೂಲ ದಾಖಲೆ ಖಾಲಿಯಾಯಿತು.

ಅವಳು ಪ್ರತಿಯನ್ನು ತೆರೆದು ಮಂಗಳವಾರಕ್ಕೆ ಬಂದಳು. ಸಂಜೆ, ದೊಡ್ಡಪ್ಪನ ಕಾರ್ಡಿನಿಂದ ಶೀತಲ ಕೋಣೆಯ ಬೀಗ ತೆಗೆದದ್ದು ಇತ್ತು. ಅದಾಗಿ ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗ ಹಾಕಿದ್ದು ತಮ್ಮನ ಕಾರ್ಡ್ ಅಲ್ಲ.

ಬೀಗ ಹಾಕಿದವರ ಜಾಗದಲ್ಲಿ ಬರೆದಿತ್ತು: ಅತಿಥಿ, ಇಕ್ಕಳಕ್ಕ.

ಕಾರ್ಡ್ ಮಾಡಿಕೊಡುವಾಗ ದೊಡ್ಡಪ್ಪ ತಮಾಷೆಗೆಂದು ಅವಳ ಅಡ್ಡಹೆಸರನ್ನೇ ಹಾಕಿದ್ದರು. ಅವರ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಓದಿದ್ದನ್ನೇ ಮತ್ತೆ ಓದಿದಳು. ಸರಳು ಹಿಡಿದು ನೆಲ ನೋಡುತ್ತಿದ್ದ ತಮ್ಮ ಯಾರನ್ನು ಕಾಪಾಡುತ್ತಿದ್ದ ಎಂದು ಆಗ ಅರ್ಥವಾಯಿತು. ಆ ಪೆದ್ದು ಮುಂಡೇದು ತನ್ನಕ್ಕನೇ ಕೊಲೆಗಾತಿ ಎಂದು ನಂಬಿ, ಅವಳಿಗೆ ಬದಲು ತಾನು ಒಳಗೆ ಕೂತಿದ್ದ.

“ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ,” ಅಂದರು ಮೇಷ್ಟ್ರು ಪಿಸುದನಿಯಲ್ಲಿ. “ಅವನೂ ಬಿಡಲ್ಲ.”

“ನಾನಲ್ಲ ರೀ. ಜ್ವರ ಬಂದು ಬಿದ್ದುಕೊಂಡಿದ್ದೆ. ಮಾತ್ರೆ ಕೊಟ್ಟವರು ನೀವೇ.”

ಮಾತ್ರೆ ಕೊಟ್ಟು ತಾನು ಪಾಠ ಹೇಳಲು ಹೋಗಿದ್ದೆ, ವಾಪಸ್ ಬಂದಾಗ ಅವಳು ಮಲಗಿದ್ದಳು, ನಡುವೆ ಏನಾಯಿತು ಎಂದು ತನಗೇನು ಗೊತ್ತು ಎಂದರು ಮೇಷ್ಟ್ರು. ಅಷ್ಟು ಮೃದುವಾಗಿ ಅವರು ಎಂದೂ ಮಾತಾಡಿರಲಿಲ್ಲ.

ಹಿಂದೆ ಬೂಟಿನ ಸದ್ದಾಯಿತು. ಇನ್‌ಸ್ಪೆಕ್ಟರ್ ಯಾವಾಗ ಬಂದರೋ, ಪರದೆಯ ಮೇಲಿದ್ದ ಹೆಸರನ್ನು ಆಗಲೇ ಓದಿಯಾಗಿತ್ತು. ಅವರ ಮುಖದಲ್ಲಿದ್ದ ಬೇಸರವೆಲ್ಲ ಹೋಗಿ, ನಂಬಲಾಗದ ಏನನ್ನೋ ಕಂಡವರಂತೆ ಅವಳನ್ನೇ ನೋಡುತ್ತಿದ್ದರು. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ ಹೆಂಗಸಿನ ಎದುರು ಕೈ ಚಾಚಿದರು.

“ಆ ಕಾರ್ಡ್ ಎಲ್ಲಿದೆ ಮೇಡಂ?”

“ಚೀಲದಲ್ಲಿದೆ,” ಅಂದಳು ಇಕ್ಕಳಕ್ಕ. ಸುಳ್ಳು ಹೇಳುವುದು ಹೇಗೆಂದೇ ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಮೇಷ್ಟ್ರು ನಿಟ್ಟುಸಿರು ಬಿಟ್ಟು ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡರು. ಹೊರಗಿನ ಜಿಪ್ಪುಗಳನ್ನು ಮುಟ್ಟಲಿಲ್ಲ. ಕೈಯನ್ನು ಸೀದಾ ಒಳಕ್ಕೆ ಇಳಿಸಿ, ಅಸ್ತರಿಯ ಅಡಿಗೆ ಬೆರಳು ತೂರಿಸಿ, ಹುಡುಕದೆ ತಡಕಾಡದೆ ಕಾರ್ಡನ್ನು ತೆಗೆದು ಇನ್‌ಸ್ಪೆಕ್ಟರಿಗೆ ಕೊಟ್ಟರು.

ಅಲ್ಲೊಂದು ಕಳ್ಳಜೇಬಿದೆ ಎಂದು ಅವಳು ಅವರಿಗೆ ಯಾವತ್ತೂ ಹೇಳಿರಲಿಲ್ಲ.